ಮೂಡಲಿಗೆ ತಲೆ ಮಾಡಿದ ನಕ್ಷೆ

ಅನಂತಮ್ಮ ಕೊಡದ ಬಾಯಿಗೆ ಎರಡು ಮಡಿಕೆ ಬಟ್ಟೆ ಹಾಸಿ ಬಾವಿಯ ನೀರು ಸೋಸುತ್ತಿದ್ದಾಗ ಸೊಸೆ ಸಮತಾ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಇನ್ನೂ ಇಂಕಿನ ವಾಸನೆ ಹೊಡೆಯುತ್ತಿದ್ದ ಅಗಲವಾದ ಒಂದು ಕಾಗದ.

‘ಅತ್ತೆ, ಬೆಳಿಗ್ಗೆ ಬೇರೆ ಕೆಲಸ ಇದ್ಯಾ ನಿಮ್ಗೆ?’

‘ಕೊಡ ತುಂಬೋಗಂಟ ಇದೆ. ನೀನು ಮಾತಾಡು. ಕೈ ಕಟ್ಟಾಕಿದೆ, ಕಿವಿ ಬಿಟ್ಟೇ ಇದೆ.’

ಕೊಡ ತುಂಬಿತು. ಅನಂತಮ್ಮ ಅವಸರ ಮಾಡಲಿಲ್ಲ. ಬಟ್ಟೆಯನ್ನು ಬಕೆಟ್ಟಿನ ಮೇಲೆ ಮಗುಚಿ ಹಿಡಿದು, ಸೋಸಿದ ನೀರನ್ನೇ ಒಂದು ಬೊಗಸೆ ಅದರ ಮೇಲೆ ಸುರಿದು, ಆ ಬಕೆಟ್ಟನ್ನು ಹಗ್ಗದಲ್ಲಿ ಮೆಲ್ಲಗೆ ಬಾವಿಗೆ ಇಳಿಸಿ ನೀರಿನ ಮೈಗೆ ಮುಟ್ಟಿಸಿ ಬಿಟ್ಟಳು. ಕಣ್ಣಿಗೆ ಕಾಣದ ಜೀವ ಏನಾದರೂ ಬಟ್ಟೆಯಲ್ಲಿ ಸಿಕ್ಕಿಕೊಂಡಿದ್ದರೆ ಅದು ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು. ಚನ್ನರಾಯಪಟ್ಟಣದ ಕಡೆಯ ಅವಳ ಅವ್ವ ಹೇಳಿಕೊಟ್ಟಿದ್ದು ಹಾಗೆ. ಮಗ ಋಷಭ್ ಅಡುಗೆಮನೆಗೆ ಫಿಲ್ಟರ್ ಮೆಷಿನ್ ತಂದು ಹಾಕಿ ಆರು ವರ್ಷವಾಗಿತ್ತು. ‘ಅದು ನಿಮ್ಗೆ, ಇದು ನಂಗೆ’ ಅಂದುಬಿಟ್ಟಿದ್ದಳು ಅನಂತಮ್ಮ.

ಸಮತಾ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದಳು. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಕರಪತ್ರ, ಇಂಥವು. ಈ ಸಲ ಅವಳಿಗೆ ಸಂಪಿಗೆಕಟ್ಟೆ ಪಾರ್ಕಿನವರು ಒಂದು ನಕ್ಷೆ ಮಾಡಿಕೊಡಲು ಹೇಳಿದ್ದರು. ಹಾಸನದ ಅಂಚಿನಲ್ಲಿ ನೂರು ಎಕರೆಗೂ ಮಿಕ್ಕಿದ ಪಾರ್ಕು ಅದು. ಗೇಟಿನಲ್ಲಿದ್ದ ಬೋರ್ಡು ಬಿಸಿಲಿಗೆ ಬೆಳ್ಳಗಾಗಿ, ‘ನೀವು ಇಲ್ಲಿದ್ದೀರಿ’ ಅನ್ನುವ ಕೆಂಪು ಚುಕ್ಕೆ ಒಂದು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಫೋನಿನ ಮ್ಯಾಪಿನಲ್ಲಿ ನೋಡಿದರೆ ಬರೀ ಒಂದು ಹಸಿರು ಮಚ್ಚೆ. ಒಳಗೆ ಹೋದ ಜನ ದಾರಿ ತಪ್ಪಿ, ಬೈದುಕೊಂಡು ಹೊರಗೆ ಬರುತ್ತಿದ್ದರು.

‘ಕಂಪ್ಯೂಟರಲ್ಲಿ ಮಾಡಿದೀನಿ. ನಂಗೆ ಸರಿಯಾಗೇ ಕಾಣುತ್ತೆ. ಮಾಡಿದೋರ ಕಣ್ಣಿಗೆ ಸರಿಯಾಗೇ ಕಾಣುತ್ತಲ್ಲ, ಅದೇ ತೊಂದ್ರೆ. ಅಚ್ಚಿಗೆ ಕೊಡೋ ಮುಂಚೆ ಯಾರಾದ್ರೂ ಹಿಡ್ಕೊಂಡು ನಡೆದು ನೋಡ್ಬೇಕು. ನೀವು ಅಲ್ಲಿ ಗಿಡ ನೆಟ್ಟೋರಲ್ವಾ ಅತ್ತೆ?’

ಅನಂತಮ್ಮ ಬಟ್ಟೆ ಹಿಂಡಿ ತಂತಿಯ ಮೇಲೆ ಹರವಿದಳು. ಅದರ ಸುಕ್ಕನ್ನು ಬಹಳ ಹೊತ್ತು ನೀವಿದಳು.

ಹೌದು, ನೆಟ್ಟವಳೇ. ಮೂವತ್ತೆಂಟು ವರ್ಷದ ಹಿಂದೆ. ಆಮೇಲೆ ಅದೇ ಊರಿನಲ್ಲಿದ್ದುಕೊಂಡು ಒಂದು ದಿನವೂ ಆ ಪಾರ್ಕಿನೊಳಕ್ಕೆ ಕಾಲಿಟ್ಟಿರಲಿಲ್ಲ. ಮನೆಯವರು ಕರೆದಾಗಲೆಲ್ಲ, ‘ಟಿಕೆಟ್ ತಗಂಡು ಗಿಡ ನೋಡಾಕೆ ಓಗ್ಬೇಕಾ? ನಮ್ ಹಿತ್ತಿಲಲ್ಲೇ ಇಲ್ವಾ?’ ಎಂದು ನಗಾಡಿ ತಪ್ಪಿಸಿಕೊಳ್ಳುತ್ತಿದ್ದಳು. ನಿಜವಾದ ಕಾರಣ ಅವಳ ಟ್ರಂಕಿನ ತಳದಲ್ಲಿ, ಒಂದು ನೀಲಿ ಇನ್‌ಲ್ಯಾಂಡ್ ಪತ್ರದ ರೂಪದಲ್ಲಿ ಇತ್ತು. ವಿಳಾಸ ಬರೆದು, ಅಂಟು ಹಚ್ಚಿ, ಕಳಿಸದೆ ಇಟ್ಟ ಪತ್ರ.

ಅದು ರೇವಮ್ಮನಿಗೆ ಬರೆದದ್ದು.

ರೇವಮ್ಮ ಹಳೇಕೋಟೆಯವಳು. ಅನಂತಮ್ಮ ಅದೇ ಊರಿಗೆ ಮದುವೆಯಾಗಿ ಬಂದಾಗ ಪಕ್ಕದ ಮನೆ. ಇವರು ಜೈನರು, ಅವರು ಶಿವನ ಪೂಜೆ ಮಾಡುವವರು. ಇವರ ಮನೆಯಲ್ಲಿ ಈರುಳ್ಳಿ ಇಲ್ಲ, ಅವರ ಮನೆಯಲ್ಲಿ ಈರುಳ್ಳಿ ಇಲ್ಲದೆ ಒಗ್ಗರಣೆ ಇಲ್ಲ. ಆದರೂ ಇಬ್ಬರಿಗೂ ಒಂದೇ ಉಸಿರು. ಹಿಂದಿನ ವರ್ಷದ ಮಳೆ ಹೋಗಿ ಹೊಲದಲ್ಲಿ ಕೆಲಸವಿಲ್ಲದಾಗ ಇಬ್ಬರೂ ಹಾಸನಕ್ಕೆ ಗಿಡ ನೆಡುವ ಕೆಲಸಕ್ಕೆ ಬಂದು, ತಗಡಿನ ಶೆಡ್ಡಿನಲ್ಲಿ ಒಂದೇ ಚಾಪೆ ಹಂಚಿಕೊಂಡಿದ್ದರು. ಗುಂಪಿನ ಹೆಂಗಸರಲ್ಲಿ ಅಕ್ಷರ ಬಲ್ಲವಳು ರೇವಮ್ಮ ಒಬ್ಬಳೇ, ನಾಲ್ಕನೇ ಕ್ಲಾಸು. ಮೇಸ್ತ್ರಿ ಒಂದು ನಕ್ಷೆ ಕೊಟ್ಟು, ‘ಯಾವ ಕಡೆ ಯಾವ ಗಿಡ ಅಂತ ಇದರಲ್ಲಿ ಅದೆ, ನೋಡ್ಕಂಡು ನೆಡಿ’ ಎಂದು ಹೋಗಿದ್ದ. ಮುಂಗಾರಿಗೆ ಸಾವಿರಾರು ಗಿಡ ನೆಟ್ಟರು. ಹಿಂಗಾರು ಬಂದು ಒಣಗಿದ್ದ ಕಟ್ಟೆ ತುಂಬಿದಾಗ ಅದರ ದಡದಲ್ಲಿದ್ದ, ಒಣ ನೆಲಕ್ಕೆ ಒಗ್ಗುವ ಕಮರದ ಗಿಡಗಳೆಲ್ಲ ಕೊಳೆತವು. ನೀರು ಕೇಳುವ ನೇರಳೆ ಬಂಡೆಯ ದಿಬ್ಬದ ಮೇಲೆ ಸೊರಗಿ ಕಡ್ಡಿಯಾಯಿತು. ಮೇಸ್ತ್ರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ‘ಕಾಗದ ಓದಿದ್ದು ಯಾರು?’ ಎಂದು ಕೇಳಿದ.

ಎಲ್ಲರೂ ಸುಮ್ಮನಿದ್ದರು. ಅನಂತಮ್ಮ ಬಾಯಿಬಿಟ್ಟಳು. ‘ರೇವಮ್ಮ ಓದಿದ್ದು ಸಾ.’

ಸುಳ್ಳೇನಲ್ಲ. ಓದಿದ್ದು ರೇವಮ್ಮನೇ. ‘ನೇ’ ಅಂದರೆ ನೇರಳೆ, ‘ಕ’ ಅಂದರೆ ಕಮರ, ಎರಡನ್ನೂ ಅವಳು ಅದಲು ಬದಲು ಮಾಡಿದ್ದಾಳೆ ಅಂದುಕೊಂಡ ಮೇಸ್ತ್ರಿ, ‘ನೆಟ್ಟಗೆ ಎರಡಕ್ಷರ ಬರಲ್ಲ, ಪಂಡಿತೆ!’ ಎಂದು ಎಲ್ಲರೆದುರು ಮೂದಲಿಸಿ ಅವಳನ್ನು ಕೆಲಸದಿಂದ ಬಿಡಿಸಿದ. ರೇವಮ್ಮ ಚಾಪೆಯಲ್ಲಿ ತನ್ನ ಎರಡು ಸೀರೆ ಸುತ್ತಿಕೊಂಡು ಹೋದಳು. ಹೋಗುವಾಗ ಅನಂತಮ್ಮನ ಮುಖವನ್ನೊಮ್ಮೆ ನೋಡಿದಳು, ಅಷ್ಟೆ. ಆಮೇಲೆ ರಾಮನಾಥಪುರದಲ್ಲಿ ಹೊಗೆಸೊಪ್ಪು ಹದ ಮಾಡುವ ಕೆಲಸ ಹಿಡಿದು ಅಲ್ಲೇ ಸಂಸಾರ ಮಾಡಿಕೊಂಡಳೆಂದು ಸುದ್ದಿ ಬಂತು. ತಿಂಗಳೊಪ್ಪತ್ತಿನಲ್ಲಿ ಅನಂತಮ್ಮನೂ, ಋಷಭ್ ಹೊಟ್ಟೆಯಲ್ಲಿದ್ದಾನೆಂಬ ನೆಪ ಹೇಳಿ ಕೆಲಸ ಬಿಟ್ಟಳು; ಸಂಸಾರ ಮಾತ್ರ ಹಾಸನದಲ್ಲೇ ನೆಲೆಯಾಯಿತು.

ಐದಾರು ವರ್ಷದ ಮೇಲೆ ಸಂಜೆ ಶಾಲೆಗೆ ಸೇರಿ ಅಕ್ಷರ ಕಲಿತಾಗ ಮೇಷ್ಟ್ರು, ‘ನಿಮಗೆ ಬೇಕಾದವರಿಗೆ ಒಂದು ಕಾಗದ ಬರೀರಿ’ ಎಂದಿದ್ದರು. ಅದು ಕ್ಷಮಾವಣಿಯ ಕಾಲ. ಭಾದ್ರಪದದ ಹತ್ತು ದಿನದ ವ್ರತ ಮುಗಿದ ಮೇಲೆ ಜೈನರು ಕಂಡವರಿಗೆಲ್ಲ ಕೈಮುಗಿದು, ದೂರವಿದ್ದವರಿಗೆ ಪತ್ರ ಬರೆದು ಕ್ಷಮೆ ಕೇಳುವ ದಿನ. ಅನಂತಮ್ಮ ತನ್ನ ಬದುಕಿನ ಮೊದಲ ಪತ್ರ ಬರೆದಳು: ‘ತಿಳಿದೋ ತಿಳಿಯದೆಯೋ ನನ್ನಿಂದ ನಿನಗೆ ನೋವಾಗಿದ್ದರೆ ಕ್ಷಮಿಸು.’ ಬರೆದಾದ ಮೇಲೆ ಮನಸ್ಸು ಹಿಡಿದುಕೊಂಡಿತು. ತಪ್ಪು ಓದಿದವಳು ಅವಳು, ಕ್ಷಮೆ ಕೇಳುವವಳು ನಾನೇ? ಪ್ರತಿ ವರ್ಷವೂ ಇಪ್ಪತ್ತು ಮೂವತ್ತು ಪತ್ರ ಹಾಕುತ್ತಿದ್ದಳು, ಇದೊಂದನ್ನು ಬಿಟ್ಟು.

ಹಾಗೇ ಇನ್ನೂ ಇದ್ದುಬಿಡುತ್ತಿತ್ತೇನೋ. ಆದರೆ ಈ ಜ್ಯೇಷ್ಠದಲ್ಲಿ ಹೊಳೆನರಸೀಪುರದ ಒಂದು ಮದುವೆಯಲ್ಲಿ ರೇವಮ್ಮ ಎದುರಿಗೇ ಸಿಕ್ಕಿದಳು. ತಲೆ ಪೂರಾ ಬೆಳ್ಳಗೆ, ಬೆನ್ನು ಮಾತ್ರ ನೆಟ್ಟಗೆ. ‘ಓದಕ್ ಬತ್ತದಂತೆ ಈಗ ನಿಂಗೆ’ ಅಂದಳು. ‘ಒಳ್ಳೇದಾಯ್ತು ಬುಡು.’ ಅಷ್ಟು ಹೇಳಿ ಊಟದ ಬೇರೆ ಸಾಲಿಗೆ ಹೋಗಿ ಕುಳಿತಳು. ಅನಂತಮ್ಮ ಪಾಯಸವನ್ನು ಎಲೆಯಲ್ಲೇ ಬಿಟ್ಟು ಎದ್ದಳು. ಮೂದಲಿಸಿದಳೋ, ಮನಸಾರೆ ಹೇಳಿದಳೋ? ಒಂದಂತೂ ನಿಜ. ಈ ಸಲ ಆ ಪತ್ರ ಕಳಿಸಬೇಕು, ಇಲ್ಲವೇ ಒಲೆಗೆ ಹಾಕಬೇಕು. ಕ್ಷಮಾವಣಿಗೆ ಇನ್ನು ಒಂಬತ್ತು ದಿನವಿತ್ತು.

‘ಕೊಡು ಇತ್ಲಾಗೆ’ ಎಂದಳು ಅನಂತಮ್ಮ, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು. ‘ನಾಳೆ ಬಸದಿಯಿಂದ ಬರ್ತಾ ಓಗಿ ನೋಡ್ತೀನಿ.’

ಮಾರನೆಯ ಬೆಳಿಗ್ಗೆ ಪಾರ್ಕಿನ ಗೇಟಿನಲ್ಲಿ ಅನಂತಮ್ಮ ಗುರುತು ಸಿಗದೆ ನಿಂತಳು. ಅವಳ ಕಾಲದಲ್ಲಿ ಗೇಟೇ ಇರಲಿಲ್ಲ, ಬೇಲಿಯ ಸಂದಿಯಿಂದ ನುಗ್ಗುತ್ತಿದ್ದರು. ಆಗ ಬರೀ ಬಯಲು. ಈಗ ಗೇಟಿನಿಂದಲೇ ಹೊಂಗೆ ಮರಗಳ ಚಪ್ಪರ, ಕಣ್ಣು ಹಾಯುವಷ್ಟು ದೂರ ನೆರಳು. ವಾಕಿಂಗಿಗೆ ಬಂದವರು ಬೂಟಿನಲ್ಲಿ ದಡಬಡ ಓಡಾಡುತ್ತಿದ್ದರು. ಇರುವೆ ಸಾಲು ತುಳಿಯದಂತೆ ನೆಲ ನೋಡಿಕೊಂಡು ಅನಂತಮ್ಮ ನಿಧಾನಕ್ಕೆ ಒಳಗೆ ಹೋಗಿ, ಮೊದಲ ಕಲ್ಲುಬೆಂಚಿನ ಎದುರು ನೆಲದ ಮೇಲೆಯೇ ಕುಳಿತು ನಕ್ಷೆ ಬಿಚ್ಚಿದಳು.

ಚೆನ್ನಾಗಿಯೇ ಮಾಡಿದ್ದಳು ಹುಡುಗಿ. ದಾರಿಗಳು ಕಂದು ಬಣ್ಣ, ನೀರು ನೀಲಿ. ಒಂದರಿಂದ ಹನ್ನೆರಡರವರೆಗೆ ಅಂಕಿ, ಪಕ್ಕದಲ್ಲಿ ಹೆಸರು. ನೀರಿನ ನಲ್ಲಿ ಎಲ್ಲಿ, ಶೌಚಾಲಯ ಎಲ್ಲಿ, ಕೂರುವ ಮಂಟಪ ಎಲ್ಲಿ, ಎಲ್ಲ ಇತ್ತು. ಏಳನೆಯದು ಬಿದಿರು ಮೆಳೆ, ಕಾಗದದ ತಲೆಯ ಕಡೆ, ಕಟ್ಟೆಯ ದಡದಲ್ಲಿ. ಅಲ್ಲಿಗೆ ಹೋಗೋಣವೆಂದು ಅನಂತಮ್ಮ ಸೂರ್ಯ ಎಲ್ಲಿದ್ದಾನೆಂದು ನೋಡಿ, ಅವನಿಗೆದುರಾಗಿ ಕಾಗದವನ್ನು ಸರಿಯಾಗಿ ಹಾಸಿ, ನಾಲ್ಕು ಮೂಲೆಗೂ ನಾಲ್ಕು ಕಲ್ಲು ಇಟ್ಟು, ದಾರಿಯನ್ನು ಬೆರಳಿನಲ್ಲಿ ಎಣಿಸಿಕೊಂಡಳು. ನೇರ ಹೋಗಿ, ಎರಡನೆಯ ಕವಲಿನಲ್ಲಿ ಎಡಕ್ಕೆ. ಎದ್ದು ಹೊರಟಳು.

ಎರಡನೆಯ ಕವಲೂ ಸಿಕ್ಕಿತು, ಎಡಕ್ಕೂ ತಿರುಗಿದಳು. ಆದರೆ ದಾರಿ ಇಳಿಯುವ ಬದಲು ಏರತೊಡಗಿತು. ನೀರೂ ಇಲ್ಲ, ಬಿದಿರೂ ಇಲ್ಲ. ಕೊನೆಗೆ ಅವಳು ಬಂದು ನಿಂತದ್ದು ಬಂಡೆಯ ದಿಬ್ಬದ ಮೇಲೆ. ಅಲ್ಲಿ ಬಂಡೆಯ ಸೀಳುಗಳಲ್ಲಿ ಐದು ಗಿಡ್ಡ ಮರಗಳು, ವಯಸ್ಸಾದರೂ ಬೆಳೆಯದ ಆಳುಗಳ ಹಾಗೆ ಬಾಗಿ ನಿಂತಿದ್ದವು. ಎಲೆ ನೋಡಿದಳು. ನೇರಳೆ.

‘ಏನವ್ವಾ, ದಾರಿ ತಪ್ತಾ?’ ಪೊರಕೆ ಹಿಡಿದು ಎಲೆ ಗುಡಿಸುತ್ತಿದ್ದ ಮಾಲಿ ಕೇಳಿದ. ಅರವತ್ತರ ಆಸುಪಾಸಿನ ಮನುಷ್ಯ. ಖಾಕಿ ಅಂಗಿಯ ಮೇಲೆ ಈಶ್ವರಯ್ಯ ಎಂಬ ಹೆಸರಿನ ಪಟ್ಟಿ.

‘ದಾರಿ ತಪ್ಪಿಲ್ಲ. ನಕ್ಷೆ ತಪ್ಪಾಗಿದೆ. ಬಿದಿರು ಮೆಳೆ ಇಲ್ಲಿರ್ಬೇಕು, ನೋಡಪ್ಪ.’

ಈಶ್ವರಯ್ಯ ಪೊರಕೆ ಕಂಕುಳಲ್ಲಿಟ್ಟು ಕಾಗದವನ್ನು ದೂರ ಹಿಡಿದು ನೋಡಿದ. ‘ನಕ್ಷೆ ಸರಿಯಾಗೇ ಅದೆ ಕಣವ್ವ. ನೀನು ಎಂಗೆ ಹಿಡ್ದಿದ್ದೆ?’

‘ಹೆಂಗೆ ಅಂದ್ರೆ? ತಲೆ ಮೂಡಲಿಗೆ.’

‘ಅಯ್ಯೋ ನಮ್ಮವ್ವ!’ ಅವನು ಬಾಯ್ತುಂಬ ನಕ್ಕ. ‘ನಕ್ಷೆ ತಲೆ ಬಡಗ್ಲಿಗೆ ಇರ್ತದೆ. ಇಲ್ನೋಡು, ಇಂಗೆ ತಿರುಗ್ಸು. ಈಗ ನೋಡು, ಕಟ್ಟೆ ಎಲ್ಲಿಗೆ ಬಂತು? ನೀನು ಕಾಲು ಸುತ್ತು ತಿರುಚ್ಕಂಡು ಬಂದ್ಬುಟ್ಟಿದೀಯ. ಯಾರು ಏಳ್ಕೊಟ್ರು ನಿಂಗೆ ಮೂಡ್ಲು ಅಂತ?’

ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೋಂಪಿಯ ವ್ರತದ ದಿನ ಅವ್ವ ಮಣೆಯ ಮೇಲೆ ಬಣ್ಣದಕ್ಕಿಯಲ್ಲಿ ಮಂಡಲ ಬರೆಯುವಾಗ ಅದರ ತಲೆ ಯಾವಾಗಲೂ ಮೂಡಲಿಗೆ. ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ ಅಕ್ಕಿ ತುಂಬಿದ ಕೈ ಇದು. ಗೋಡೆಗೆ ನೇತುಹಾಕಿದ ಭಾರತದ ನಕ್ಷೆಯಲ್ಲಿ ಕಾಶಿ ಮೇಲಿದೆ, ಕನ್ಯಾಕುಮಾರಿ ಕೆಳಗಿದೆ ಎಂದು ಅನಂತಮ್ಮನಿಗೆ ಗೊತ್ತಿತ್ತು. ಆದರೆ ಅದು ಗೋಡೆಯ ಮಾತು. ನೆಲದ ಮೇಲೆ ಹಾಸಿದ ಯಾವ ಚಿತ್ರವೇ ಆಗಲಿ, ಅವಳ ಕೈ ತಾನಾಗಿಯೇ ಅದರ ತಲೆಯನ್ನು ಸೂರ್ಯನ ಕಡೆ ತಿರುಗಿಸಿಬಿಡುತ್ತಿತ್ತು.

‘ಈ ನೇರಳೆ ಮರ ಇಲ್ಲಿಗೆ ಹೆಂಗೆ ಬಂದ್ವು?’ ಅವಳ ದನಿ ಅವಳಿಗೇ ಸಣ್ಣಗೆ ಕೇಳಿಸಿತು.

‘ಯಾರೋ ತಲೆ ಕೆಟ್ಟೋರು ನೆಟ್ಟವ್ರೆ. ನೀರಿನ ಮರವ ತಂದು ಬಂಡೆ ಮ್ಯಾಲೆ ನೆಡ್ತಾರಾ ಯಾರಾದ್ರೂವೆ? ನೂರಾರು ಇದ್ವಂತೆ, ಐದು ಉಳ್ಕಂಡವೆ. ಆದ್ರೆ ಅಣ್ಣು ಮಾತ್ರ ಸಕ್ರೆ ಕಣವ್ವ. ಬಂಡೆ ಸೀಳ್ನಾಗೆ ಬೇರು ಬುಟ್ಕಂಡು ಬದುಕವೆ ನೋಡು, ಅದ್ಕೇ ಇರ್ಬೇಕು.’

ಅವನು ಗುಡಿಸುತ್ತಾ ಮುಂದೆ ಹೋದ. ಅನಂತಮ್ಮ ಬಂಡೆಯ ಮೇಲೆ ಕುಳಿತಳು. ತಂಪಾದ ಬಂಡೆ. ಎಲ್ಲೋ ಕೆಂಬೂತ ಒಂದೇ ಸಮನೆ ಕೂಗುತ್ತಿತ್ತು. ಆಗಲೇ ಬೆಂಚಿನೆದುರು ಹಾಸಿದ ಕಾಗದ, ಅದರ ಮೂಲೆಗೆ ನಾಲ್ಕು ಕಲ್ಲು. ಇದೇ ಕೈ ಹಿಂದೊಮ್ಮೆ ಹೀಗೆಯೇ ಕಲ್ಲು ಇಟ್ಟಿತ್ತಲ್ಲ.

ಆ ಬೆಳಗು ಅವಳೆದುರು ಬಂದು ಕುಳಿತಿತು. ಬಯಲು, ಎಳೆ ಬಿಸಿಲು, ಕಟ್ಟೆಯೆಂದು ಗೊತ್ತೇ ಆಗದ ಹಾಗೆ ಪೊದೆ ಬೆಳೆದ ಒಣ ತಗ್ಗು. ನಕ್ಷೆಯ ಆಚೆ ಬದಿಗೆ ಕುಕ್ಕರುಗಾಲಿನಲ್ಲಿ ರೇವಮ್ಮ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದುತ್ತಿದ್ದಾಳೆ. ಓದಿ ತಲೆಯೆತ್ತಿ ಕೇಳುತ್ತಾಳೆ: ‘ಅನಂತೀ, ಇದರ ತಲೆ ಯಾವ್ ಕಡೀಕೆ ಮಾಡಾದು?’

ಅನಂತಮ್ಮ ನಗುತ್ತಾಳೆ. ‘ನಾಕನೇ ಕ್ಲಾಸು ಓದಿ ಇಷ್ಟೂ ಗೊತ್ತಿಲ್ವೇನೇ? ಮೂಡಲಿಗೆ ಕಣೇ. ಯಾವುದಾದ್ರೂ ತಲೆ ಮೂಡಲಿಗೇ.’

ರೇವಮ್ಮ ಒಪ್ಪಿಕೊಳ್ಳುತ್ತಾಳೆ. ನಂಬಿಕೆಯ ಗೆಳತಿ ಹೇಳಿದ್ದು.

ಇಷ್ಟು ವರ್ಷ ಇದು ಎಲ್ಲಿ ಹೋಗಿತ್ತು? ಮರೆತೇ ಹೋಗಿತ್ತೋ, ನೆನೆಯದೆ ಬಿಟ್ಟಿದ್ದೋ? ಆದರೂ ಒಳಗೆ ಒಂದು ಮೂಲೆಯಲ್ಲಿ ಹಳೆಯ ಬಿಗಿ ಇನ್ನೂ ಮಾತಾಡುತ್ತಿತ್ತು. ತಲೆ ತಿರುಗಿಸಿದ್ದು ನಾನೇ ಇರಬಹುದು, ಅವಳೂ ಅಕ್ಷರ ಅದಲು ಬದಲು ಮಾಡಿರಬಹುದಲ್ಲ? ಅರ್ಧ ಅವಳದು, ಅರ್ಧ ನನ್ನದು ಆಗಬಹುದಲ್ಲ?

ಅಂದು ಮಧ್ಯಾಹ್ನ ಒಪ್ಪತ್ತಿನ ಊಟ ಮುಗಿಸಿ ಅವಳು ಸೀದಾ ಸಮತಾಳ ಅಂಗಡಿಗೆ ಹೋದಳು.

‘ಹೆಂಗಿದೆ ಅತ್ತೆ ನನ್ನ ನಕ್ಷೆ?’

‘ನಿನ್ನ ನಕ್ಷೆ ಚೆನ್ನಾಗಿದೆ. ಆ ಪಾರ್ಕಿನದು ಹಳೇ ನಕ್ಷೆ ಅಂತ ಏನಾದ್ರೂ ಸಿಗ್ತದಾ? ಗಿಡ ನೆಟ್ಟಾಗಿಂದು.’

ಸಮತಾ ಹುಬ್ಬೇರಿಸಿದಳು. ‘ಆಫೀಸಿನೋರು ಒಂದಷ್ಟು ಹಳೇ ಕಾಗದದ ಜೆರಾಕ್ಸ್ ಕೊಟ್ಟಿದ್ರು. ಯಾವುದೋ ಚೌಕ ಚೌಕ, ಒಂದೊಂದು ಅಕ್ಷರ. ಏನಂತ ಅರ್ಥವಾಗದೆ ಪಕ್ಕಕ್ಕಿಟ್ಟೆ.’ ಫೈಲು ಕೆದಕಿ ತೆಗೆದಳು.

ಅದೇ. ಅನಂತಮ್ಮ ಅದನ್ನು ಮೇಜಿನ ಮೇಲೆ ಹರವಿದಳು. ಆಗ ಅವಳಿಗೆ ಬರೀ ಗೆರೆಯಾಗಿದ್ದುದು ಈಗ ಮಾತಾಡುತ್ತಿತ್ತು. ಮೇಲೆ ‘ನೇ’. ಬಲಕ್ಕೆ ‘ಹೊ’. ಕೆಳಗೆ ‘ಬೇ’. ಎಡಕ್ಕೆ ‘ಕ’. ನೇರಳೆ, ಹೊಂಗೆ, ಬೇವು, ಕಮರ. ಕಟ್ಟೆಯ ಗುರುತಿಲ್ಲ, ಬಂಡೆಯ ಗುರುತಿಲ್ಲ. ಮೂಲೆಯಲ್ಲಿ ಒಂದು ಸಣ್ಣ ಬಾಣ, ಅದರ ತುದಿಯಲ್ಲಿ ‘ಉ’. ಬಾಣ ಬರೆದವನಿಗೆ ‘ಉ’ ಅಂದರೆ ಉತ್ತರ, ಇವರ ಬಾಯಿಯ ಬಡಗಲು. ಅಂದು ರೇವಮ್ಮ ಅದನ್ನೂ ಓದಿದ್ದಳು. ‘ಉ ಅಂತದೆ, ಉ ಅಂದ್ರೆ ಯಾವ್ ಗಿಡ?’ ಎಂದು ಕೇಳಿದ್ದಳು. ಉ ಅಕ್ಷರದ ಗಿಡ ತಂದ ಬುಟ್ಟಿಯಲ್ಲಿ ಇರಲಿಲ್ಲ, ಬಿಟ್ಟರು.

ಮಾರನೆಯ ಬೆಳಿಗ್ಗೆ ಅನಂತಮ್ಮ ಎರಡು ನಕ್ಷೆ ಹಿಡಿದು ಪಾರ್ಕಿಗೆ ಬಂದಳು. ಈ ಸಲ ಎರಡನ್ನೂ ತಲೆ ಬಡಗಲಿಗೆ ಮಾಡಿ, ಬೆಂಚಿನ ಮೇಲೆ ಒಂದರ ಪಕ್ಕ ಒಂದು ಹರವಿದಳು. ಲೆಕ್ಕ ಸರಳವಾಗಿತ್ತು. ರೇವಮ್ಮ ಬರೀ ಎರಡು ಅಕ್ಷರ ಅದಲು ಬದಲು ಮಾಡಿದ್ದರೆ ನೇರಳೆ ಪಡುವಲಲ್ಲಿ ಇರಬೇಕು, ಹೊಂಗೆ ಮತ್ತು ಬೇವು ಇರಬೇಕಾದ ಕಡೆಯೇ ಇರಬೇಕು. ಹೊಂಗೆ ಮೂಡಲಲ್ಲಿ, ಬೇವು ತೆಂಕಲಲ್ಲಿ. ಕಾಲು ಸುತ್ತು ತಿರುಚಿದ್ದೇ ಆಗಿದ್ದರೆ ನಾಲ್ಕೂ ಸರಿದಿರಬೇಕು.

ಅವಳು ಕೂತಿದ್ದದ್ದು ತೆಂಕಲ ಗೇಟಿನ ಬಳಿ. ತಲೆಯೆತ್ತಿದಳು. ಊರೆಲ್ಲ ಹೊಗಳುವ ಆ ನೆರಳು, ಸಾಲುಸಾಲು ಹೊಂಗೆ.

ಒಂದಾಯಿತು.

ಎದ್ದು ಪಡುವಲಿಗೆ ನಡೆದಳು. ದೂರದ ದಾರಿ. ನಡುವೆ ಎರಡು ಸಲ ಕುಳಿತು, ಮತ್ತೆ ನಕ್ಷೆ ನೋಡಿ, ಮಕ್ಕಳ ಆಟದ ಜಾಗ ದಾಟಿ, ಒಂಬತ್ತನೆಯ ಅಂಕಿಯ ಮಂಟಪಕ್ಕೆ ಬಂದಳು. ಸುತ್ತ ನೋಡಬೇಕಾದ ಅಗತ್ಯವೇ ಬೀಳಲಿಲ್ಲ, ಗಾಳಿಯಲ್ಲೇ ಕಹಿ ಇತ್ತು. ದಪ್ಪ ಬೊಡ್ಡೆಯ ಬೇವಿನ ಮರಗಳು ಬೇಲಿಯವರೆಗೂ ನಿಂತಿದ್ದವು. ಅದರಲ್ಲಿ ಒಂದೇ ಒಂದು ನೇರಳೆಯನ್ನು ಅವಳು ಹುಡುಕಿದಳು. ಒಂದೇ ಒಂದು ಸಿಕ್ಕಿದ್ದರೂ ಅರ್ಧ ತಪ್ಪನ್ನು ರೇವಮ್ಮನಿಗೆ ಹೊರಿಸಿ ಮನೆಗೆ ಹೋಗಬಹುದಿತ್ತು. ಮರದಿಂದ ಮರಕ್ಕೆ ಹೋಗಿ ಎಲೆ ನೋಡಿದಳು. ಇರಲಿಲ್ಲ.

ಬಡಗಲ ಕಟ್ಟೆಯ ಏರಿಯ ಮೇಲೆ ಈಶ್ವರಯ್ಯ ಬುತ್ತಿ ಬಿಚ್ಚಿ ಕುಳಿತಿದ್ದ. ‘ಬಾರವ್ವ, ಇವತ್ತು ಸರಿಯಾಗಿ ಬಂದೆ! ಅಗೋ ನಿನ್ ಬಿದ್ರು ಮೆಳೆ. ರೊಟ್ಟಿ ತಿನ್ನು ಬಾ, ಈರುಳ್ಳಿ ಚಟ್ನಿ ಅದೆ.’

‘ಈರುಳ್ಳಿ ನಾವು ತಿನ್ನಲ್ಲಪ್ಪ. ಇವತ್ತು ಒಪ್ಪತ್ತು ಬೇರೆ.’

‘ಅಂಗಾರೆ ನೀರಾದ್ರೂ ಕುಡಿ.’

‘ಸೋಸಿದ್ದಾ?’

ಅವನು ಬಾಟಲಿಯನ್ನೂ ಅವಳನ್ನೂ ನೋಡಿ ಸೋತವನ ಹಾಗೆ ಮುಚ್ಚಳ ತಿರುಗಿಸಿದ. ಅನಂತಮ್ಮ ನಕ್ಕಳು. ಆಮೇಲೆ ಕೇಳಿದಳು, ‘ಈ ದಡದಲ್ಲಿ ಕಮರ ಇದ್ವಾ ಈಶ್ವರಯ್ಯ?’

‘ಮರ ಇರ್ಲಿಲ್ಲ. ಕಟ್ಟೆ ಊಳೆತ್ತುವಾಗ ಕೊಳೆತ ಬುಡ ಸಿಕ್ಕವು, ಸಾಲುಗಟ್ಲೆ. ಕಮರ ಅಂತ ನಮ್ ಹಳೇ ಗಾರ್ಡು ಅಂದ. ಅದ್ಯಾಕೆ ಕೇಳ್ತೀಯ?’

‘ನೆಟ್ಟೋಳು ನಾನು.’

ಈಶ್ವರಯ್ಯನ ರೊಟ್ಟಿ ಬಾಯಿಯ ಹತ್ತಿರವೇ ನಿಂತಿತು. ‘ನಿನ್ನೆ ನಾನು ತಲೆ ಕೆಟ್ಟೋರು ಅಂದ್ಬುಟ್ಟೆ…’

‘ತಲೆ ಕೆಟ್ಟಿರಲಿಲ್ಲ. ಮೂಡಲಿಗೆ ತಿರುಗಿತ್ತು’ ಎಂದಳು ಅನಂತಮ್ಮ. ನೀರಿನ ಮೇಲೆ ಬೆಳ್ಳಕ್ಕಿಯ ನೆರಳು ಅಲುಗದೆ ನಿಂತಿತ್ತು. ಎದೆಯಲ್ಲಿ ಭಾರವಿತ್ತು. ಆದರೆ ಅದು ಎಲ್ಲಿಯ ಭಾರ ಎಂಬುದು ಈಗ ಗೊತ್ತಿತ್ತು.

ಸಂಜೆ ಸಮತಾಳಿಗೆ ಎಲ್ಲ ಹೇಳಿದಳು. ಅಡುಗೆಮನೆಯಲ್ಲಿ ಕಾಳು ಆರಿಸುತ್ತಾ, ಒಂದನ್ನೂ ಬಿಡದೆ. ಕೊನೆಗೆ ಸಮತಾ, ‘ಫೋನ್ ಮಾಡ್ಬಿಡಿ ಅತ್ತೆ’ ಎಂದಳು. ‘ಮದುವೆ ಮನೆಯೋರತ್ರ ನಂಬರ್ ಸಿಗುತ್ತೆ. ಈಗಲೇ ಮಾತಾಡ್ಬೋದು.’

‘ಫೋನಲ್ಲಿ ನಾನು ಶುರು ಮಾಡೋಕ್ ಮುಂಚೇನೇ ಅವಳು “ಓಗ್ಲಿ ಬುಡು ಅನಂತಿ” ಅಂದ್ಬಿಡ್ತಾಳೆ. ಅವಳ ಗುಣ ಅದು. ಆಮೇಲೆ ನಾನು ಹೇಳ್ಬೇಕಾದ್ದು ಹೇಳದೇ ಉಳ್ಕಂಬುಡ್ತೀನಿ. ಕಾಗದ ಆದ್ರೆ ಪೂರ್ತಿ ಕೇಳ್ತದೆ.’

‘ಹಾಗಾದ್ರೆ ಟ್ರಂಕಲ್ಲಿರೋ ಪತ್ರಾನೇ ಕಳಿಸ್ಬೋದಲ್ಲ.’

‘ಅದ್ರಲ್ಲಿ “ತಿಳಿದೋ ತಿಳಿಯದೆಯೋ” ಅಂತಿದೆ’ ಎಂದಳು ಅನಂತಮ್ಮ. ‘ಈಗ ತಿಳಿದಿದೆ.’

ಬರೆಯುವುದು ಸುಲಭವಾಗಲಿಲ್ಲ. ದಿನಾ ಬಸದಿಯಿಂದ ಬಂದು, ನೀರು ಸೋಸಿಟ್ಟು, ಕಿಟಕಿಯ ಬಳಿ ಕೂರುತ್ತಿದ್ದಳು. ಮೊದಲ ದಿನ ಎರಡು ಪುಟ ಬರೆದಳು. ಓದಿದರೆ ಅದರ ತುಂಬ ಅವ್ವನ ಮಂಡಲ, ಬರಗಾಲ, ಮೇಸ್ತ್ರಿಯ ಸಿಟ್ಟು. ತಪ್ಪಿಗೆ ಇಷ್ಟೊಂದು ಅಂಗಿ ತೊಡಿಸಬೇಕಾ ಅನ್ನಿಸಿ ಹರಿದಳು. ಮೂರನೆಯ ದಿನ ಬರೆದದ್ದು ತೀರಾ ಅಳುಮುಂಜಿಯಾಗಿತ್ತು. ಅದೂ ಹೋಯಿತು. ಆರನೆಯ ದಿನಕ್ಕೆ ಒಂದು ಪುಟ ನಿಂತಿತು. ಸಂಜೆ ಶಾಲೆಯಲ್ಲಿ ಕಲಿತ ಹಾಗೆ ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ ಬರೆದಳು:

‘ರೇವೂ, ನಕ್ಷೆ ನೀನು ಸರಿಯಾಗಿ ಓದಿದ್ದೆ. ನಾಲ್ಕು ಅಕ್ಷರವೂ ಸರಿ. ತಲೆ ಯಾವ ಕಡೆಗೆ ಎಂದು ನೀನು ನನ್ನನ್ನು ಕೇಳಿದೆ. ಮೂಡಲಿಗೆ ಎಂದು ನಾನು ಹೇಳಿದೆ. ಅದು ತಪ್ಪು. ಮೇಸ್ತ್ರಿ ಕೇಳಿದಾಗ ನೀನು ಓದಿದ್ದನ್ನು ಹೇಳಿ, ನಾನು ತಿರುಗಿಸಿದ್ದನ್ನು ಹೇಳದೆ ನಿಂತೆ. ಅದು ಅದಕ್ಕಿಂತ ದೊಡ್ಡ ತಪ್ಪು. ಎರಡೂ ನನ್ನವು, ನಿನ್ನದು ಯಾವುದೂ ಇಲ್ಲ. ಈಗ ಹೋಗಿ ನಾಲ್ಕು ದಿಕ್ಕೂ ನಡೆದು ನೋಡಿಕೊಂಡು ಬಂದು ಬರೆಯುತ್ತಿದ್ದೇನೆ. ನಿನ್ನನ್ನು ಪಂಡಿತೆ ಎಂದು ಅವನು ಹಂಗಿಸಿದ. ನೀನೇ ಆ ದಿನ ಅಲ್ಲಿ ಓದು ಬಲ್ಲವಳು. ಕ್ಷಮಿಸು ಎಂದು ಕೇಳುತ್ತೇನೆ. ಕ್ಷಮಿಸಲೇಬೇಕೆಂದು ಕೇಳುವುದಿಲ್ಲ. ಜೊತೆಗೆ ಪಾರ್ಕಿನ ಹೊಸ ನಕ್ಷೆ ಇಟ್ಟಿದ್ದೇನೆ. ಪೆನ್ಸಿಲಿನಲ್ಲಿ ಸುತ್ತು ಹಾಕಿದ ಕಡೆ ನಮ್ಮ ಐದು ನೇರಳೆ ಮರ ಬದುಕಿವೆ. ಹಣ್ಣು ಜ್ಯೇಷ್ಠಕ್ಕೆ ಬರುತ್ತವಂತೆ. ಹಳೆಯ ಇನ್‌ಲ್ಯಾಂಡ್ ಕಾಗದವನ್ನೂ ಇಟ್ಟಿದ್ದೇನೆ, ಅದು ನಾನು ಬರೆದ ಮೊದಲ ಪತ್ರ. ಅದರಲ್ಲಿ ನಿಜ ಸಾಲದು. ಆದರೂ ನಿನಗೆ ಸೇರಿದ್ದು. ಅನಂತಿ.’

ಸಮತಾ ಅಷ್ಟರಲ್ಲಿ ನಕ್ಷೆಯನ್ನು ತಿದ್ದಿ ಅಚ್ಚು ಹಾಕಿಸಿದ್ದಳು. ಅತ್ತೆ ಹೇಳಿದ ಹಾಗೆ ಕಾಗದದ ಬಲ ಅಂಚಿನಲ್ಲಿ, ಅಂಗೈಯಗಲ, ಒಂದು ಕೆಂಪು ಸೂರ್ಯ. ಕೆಳಗೆ ದಪ್ಪ ಅಕ್ಷರದಲ್ಲಿ ‘ಬೆಳಗಿನ ಸೂರ್ಯ ಈ ಕಡೆ’. ಆಫೀಸಿನವರು, ಬಾಣ ಇದೆಯಲ್ಲ, ಸೂರ್ಯ ಯಾಕೆ ಎಂದು ಕೇಳಿದ್ದರಂತೆ. ‘ಬಾಣ ಓದಿದೋರ್ಗೆ, ಸೂರ್ಯ ಎಲ್ರಿಗೂ’ ಅಂದಳಂತೆ ಸಮತಾ.

ಕ್ಷಮಾವಣಿಯ ದಿನ ಬಸದಿಯಲ್ಲಿ ಎಲ್ಲರೂ ಎಲ್ಲರಿಗೂ ಕೈಮುಗಿದರು. ಮೊನ್ನೆ ತಾನೇ ಕಸದ ವಿಷಯಕ್ಕೆ ಕಿತ್ತಾಡಿದ್ದ ಪಕ್ಕದ ಮನೆಯ ಪ್ರೇಮಕುಮಾರಿ ನಗುನಗುತ್ತಾ ಬಂದು, ‘ಏನಾದ್ರೂ ತಪ್ಪಾಗಿದ್ರೆ ಕ್ಷಮಿಸ್ಬಿಡಿ ಅನಂತಮ್ಮ’ ಎಂದಳು. ‘ನೀವೂ ಕ್ಷಮಿಸ್ಬಿಡಿ’ ಎಂದಳು ಅನಂತಮ್ಮ. ಹೇಳಿ, ಅಂಚೆ ಕಚೇರಿ ಬಾಗಿಲು ತೆರೆಯುವ ಹೊತ್ತಿಗೆ ಹೊರಟಳು.

ಲಕೋಟೆ ಉಬ್ಬಿಕೊಂಡಿತ್ತು. ಕೌಂಟರಿನ ಹುಡುಗಿ ಅದನ್ನು ತಕ್ಕಡಿಯ ಮೇಲಿಟ್ಟು ವಿಳಾಸ ಓದಿದಳು. ‘ರೇವಮ್ಮ, ರಾಮನಾಥಪುರ, ಅರಕಲಗೂಡು ತಾಲ್ಲೂಕು. ಅರ್ಜೆಂಟಾ ಅಜ್ಜಿ? ಸ್ಪೀಡ್ ಪೋಸ್ಟ್ ಮಾಡ್ಲಾ, ಸಾದಾ ಕಳಿಸ್ಲಾ?’

ಅನಂತಮ್ಮ ಯೋಚಿಸಿದಳು. ‘ಇಷ್ಟು ದಿನ ತಡ ಮಾಡಿದೋಳು ನಾನು. ಇನ್ನು ಅದು ಬೇಗ ಓಗ್ಲಿ.’

ಹುಡುಗಿ ಚೀಟಿ ಅಂಟಿಸಿ, ಮೊಹರು ಒತ್ತಿ, ಲಕೋಟೆಯನ್ನು ಹಿಂದಿದ್ದ ಚೀಲದೊಳಕ್ಕೆ ಹಾಕಿದಳು. ಅನಂತಮ್ಮ ರಸೀತಿಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹಿಂದೆ ನಿಂತವರಿಗೆ ಜಾಗ ಬಿಟ್ಟಳು.